ಹಿರಿಯ ಓಟಗಾರನ ವರ್ಷ: ಗುರಿ ಮತ್ತು ಹಿನ್ನಡೆ

ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತಿದೆ. ಬೆಳಗಿನ ಜಾವ ಕೆರೆಯ ಏರಿಯ ಮೇಲೆ, ಕಾಲೇಜಿನ ಮೈದಾನದಲ್ಲಿ, ಬಡಾವಣೆಯ ಉದ್ಯಾನದಲ್ಲಿ ನಡೆದಾಡುತ್ತಿದ್ದ ಹಿರಿಯರಲ್ಲಿ ಕೆಲವರು ಓಡಲಾರಂಭಿಸಿದ್ದಾರೆ. ನಿವೃತ್ತರಾದ ಅಧ್ಯಾಪಕರು, ಬ್ಯಾಂಕಿನ ನೌಕರರು, ಅಂಗಡಿಯ ಹೊಣೆಯನ್ನು ಮಕ್ಕಳಿಗೆ ವಹಿಸಿಕೊಟ್ಟ ವರ್ತಕರು ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರ್‌ಗಳ ಸ್ಪರ್ಧೆಗಳಿಗೆ ಹೆಸರು ಕೊಡುತ್ತಿದ್ದಾರೆ. ಇದು ಸಂತೋಷದ ಬೆಳವಣಿಗೆ. ಆದರೆ ಇದರೊಡನೆ ಎರಡು ಮಾತುಗಳೂ ಕೇಳಿಬರುತ್ತಿವೆ. ಒಂದು, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕು?" ಎಂಬುದು. ಇನ್ನೊಂದು, "ವಯಸ್ಸು ಎಂಬುದು ಬರೀ ಅಂಕಿ" ಎಂಬುದು. ಮೊದಲನೆಯ ಮಾತು ಹಿರಿಯರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ. ಎರಡನೆಯದು ಅವರನ್ನು ಆಸ್ಪತ್ರೆಯ ಹಾಸಿಗೆಗೆ ಒಯ್ಯಬಲ್ಲದು. ಇವೆರಡೂ ಸತ್ಯವಲ್ಲ.

ವಯಸ್ಸು ಬರೀ ಅಂಕಿಯಲ್ಲ. ಅದು ಹೃದಯದಲ್ಲಿ, ಸ್ನಾಯುವಿನಲ್ಲಿ, ಎಲುಬಿನಲ್ಲಿ ನಡೆಯುವ ನಿಜವಾದ ಬದಲಾವಣೆ. ಹಾಗೆಂದು ಅದು ಓಟಕ್ಕೆ ಹಾಕಿದ ಬೀಗವೂ ಅಲ್ಲ. ಅದು ಗುರಿಯನ್ನು ಇಡುವ ರೀತಿಯನ್ನೂ ಹಿನ್ನಡೆಯನ್ನು ಎದುರಿಸುವ ರೀತಿಯನ್ನೂ ಬದಲಿಸಬೇಕೆಂದು ಕೇಳುತ್ತದೆ, ಅಷ್ಟೆ. ಅರವತ್ತು ದಾಟಿದ ಓಟಗಾರನ ಒಂದು ವರ್ಷವನ್ನು ಅಳೆಯಬೇಕಾದದ್ದು ಅವನು ತಂದ ಪದಕಗಳಿಂದಲ್ಲ, ತಡೆ ಬಂದಾಗ ಅವನು ಕೈಗೊಂಡ ತೀರ್ಮಾನಗಳಿಂದ ಎಂಬುದು ಈ ಲೇಖನದ ಅಭಿಪ್ರಾಯ.

ಒಂದೇ ದಾರಿ, ಇಬ್ಬರು ಹಿರಿಯರು

2003ರ ಸೆಪ್ಟೆಂಬರ್ ತಿಂಗಳಿನಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ನಡೆದ ಮ್ಯಾರಥಾನ್ ಓಟವನ್ನು ಇಲ್ಲಿ ನೆನೆಯಬೇಕು. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್‌ಗಳ ದೂರ. ಅಂದು ಎಡ್ ವಿಟ್ಲಾಕ್ ಎಂಬ 72 ವರ್ಷದವರು ಈ ದೂರವನ್ನು 2 ಗಂಟೆ 59 ನಿಮಿಷ 10 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಎಪ್ಪತ್ತು ದಾಟಿದವರೊಬ್ಬರು ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಅದೇ ದಿನ, ಅದೇ ರಸ್ತೆಯಲ್ಲಿ ಪಂಜಾಬಿನ ಜಲಂಧರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ಅವರೂ ಓಡಿದರು. ಅವರ ವಯಸ್ಸು 92. ಅವರು ತೆಗೆದುಕೊಂಡ ಕಾಲ 5 ಗಂಟೆ 40 ನಿಮಿಷ.

ಇಬ್ಬರ ಹಿನ್ನೆಲೆಯೂ ಬೇರೆ ಬೇರೆ. ಗಣಿ ಎಂಜಿನಿಯರ್ ಆಗಿದ್ದ ವಿಟ್ಲಾಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದವರು. ತರುಣರಾಗಿದ್ದಾಗ ಓಡುತ್ತಿದ್ದು, ಬಳಿಕ ಅದನ್ನು ಬಿಟ್ಟು, ನಲವತ್ತರ ಹರೆಯದಲ್ಲಿ ಮತ್ತೆ ಕೈಗೆತ್ತಿಕೊಂಡರು. 48ನೆಯ ವಯಸ್ಸಿನಲ್ಲಿ ಮ್ಯಾರಥಾನನ್ನು 2 ಗಂಟೆ 31 ನಿಮಿಷಗಳಲ್ಲಿ ಮುಗಿಸಿದ್ದರು. ಫೌಜಾ ಸಿಂಗ್ ಅವರು ಒಕ್ಕಲುತನದವರು. 1994ರಲ್ಲಿ ಕಣ್ಣೆದುರೇ ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರಲು ಅವರಿಗೆ ಓಟವು ಆಸರೆಯಾಯಿತು. ಅವರು ತಮ್ಮ ಮೊದಲ ಮ್ಯಾರಥಾನ್ ಓಡಿದ್ದು 2000ನೆಯ ಇಸವಿಯಲ್ಲಿ, 89ನೆಯ ವಯಸ್ಸಿನಲ್ಲಿ. ಒಬ್ಬರು ವೇಗವನ್ನು ಗುರಿಯಾಗಿ ಇಟ್ಟುಕೊಂಡರು, ಇನ್ನೊಬ್ಬರು ಮುಗಿಸುವುದನ್ನು. ಎರಡೂ ಗುರಿಗಳೇ. ಯಾವುದೊಂದೂ ಮತ್ತೊಂದಕ್ಕಿಂತ ಕೀಳಲ್ಲ.

ಇಂಥವರ ಹೆಸರು ಬಂದಾಗ ನಾವು ಅವರ ದಾಖಲೆಗಳನ್ನಷ್ಟೆ ಎಣಿಸುತ್ತೇವೆ. ದಾಖಲೆಗಳ ನಡುವಿನ ಖಾಲಿ ತಿಂಗಳುಗಳು ನಮಗೆ ಕಾಣುವುದಿಲ್ಲ. ವಿಟ್ಲಾಕ್ ಅವರಿಗೆ ಎಪ್ಪತ್ತು ತುಂಬಿದ ವರ್ಷವೇ, ಎಂದರೆ 2001ರಲ್ಲಿಯೇ, ಮೂರು ಗಂಟೆಯ ಗುರಿಯು ಕೈಗೆ ಸಿಗಬೇಕಾಗಿತ್ತು. ಅರ್ಧ ನಿಮಿಷಕ್ಕಿಂತಲೂ ಕಡಿಮೆ ಅಂತರದಲ್ಲಿ ಅದು ತಪ್ಪಿಹೋಯಿತು. ಮೊಣಕಾಲಿನ ಸಂಧಿವಾತವು ಅವರನ್ನು ತಮ್ಮ ಹಿರಿಯ ವರ್ಷಗಳಲ್ಲಿ ಹಲವು ಬಾರಿ ಓಟದಿಂದ ದೂರವಿರಿಸಿತು. ಗುರಿ ಈಡೇರಿದ್ದು ಎರಡು ವರ್ಷಗಳ ಅನಂತರ. ಅದರ ಮರುವರ್ಷ, 73ನೆಯ ವಯಸ್ಸಿನಲ್ಲಿ, ಅವರು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಓಡಿದರು. 70ಕ್ಕೆ ದೊರಕದ್ದು 73ಕ್ಕೆ ಇನ್ನೂ ಹೆಚ್ಚಾಗಿ ದೊರಕಿತು. ತಪ್ಪಿಹೋದ ವರ್ಷವನ್ನು ವಯಸ್ಸಿನ ಕೊನೆಯ ತೀರ್ಪು ಎಂದು ಅವರು ಒಪ್ಪಿಕೊಂಡಿದ್ದರೆ ಈ ಸಾಧನೆಯು ನಡೆಯುತ್ತಲೇ ಇರಲಿಲ್ಲ.

ನಮ್ಮ ಕೈಯಲ್ಲಿಲ್ಲದ ಹಿನ್ನಡೆಗಳು

ಹಿನ್ನಡೆಯು ಯಾವಾಗಲೂ ಶರೀರದಿಂದಲೇ ಬರಬೇಕೆಂದಿಲ್ಲ. ವಿಟ್ಲಾಕ್ ಅವರ ದಾಖಲೆಯನ್ನು ಮುರಿಯಬೇಕೆಂದು ಅಮೆರಿಕದ ಜೀನ್ ಡೈಕ್ಸ್ ಎಂಬವರು 2018ರಲ್ಲಿ ಹೊರಟರು. ಅವರಿಗೂ ಆಗ ಎಪ್ಪತ್ತು ವರ್ಷ. ಆ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಟೊರಾಂಟೊದಲ್ಲಿ ಓಡಿದಾಗ 2 ಗಂಟೆ 55 ನಿಮಿಷ 17 ಸೆಕೆಂಡು ಹಿಡಿಯಿತು. ದಾಖಲೆಯು 29 ಸೆಕೆಂಡುಗಳಿಂದ ತಪ್ಪಿತು. ಡಿಸೆಂಬರ್‌ನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಮತ್ತೆ ಪ್ರಯತ್ನಿಸಿದರು. ಈ ಬಾರಿ 2 ಗಂಟೆ 54 ನಿಮಿಷ 23 ಸೆಕೆಂಡು! ಹಳೆಯ ಕಾಲಕ್ಕಿಂತ 25 ಸೆಕೆಂಡು ಕಡಿಮೆ. ಆದರೆ ಆ ಸ್ಪರ್ಧೆಗೆ ಅಮೆರಿಕದ ಅಥ್ಲೆಟಿಕ್ ಸಂಸ್ಥೆಯ ವಿಧಿವತ್ತಾದ ಮಾನ್ಯತೆ ಇರಲಿಲ್ಲವಾಗಿ ಅದು ದಾಖಲೆಯೆಂದು ಪರಿಗಣಿತವಾಗಲಿಲ್ಲ. ಕಾಲು ಮಾಡಬೇಕಾದ ಕೆಲಸವನ್ನು ಮಾಡಿತ್ತು, ಕಾಗದವು ಮಾಡಲಿಲ್ಲ.

ಫೌಜಾ ಸಿಂಗ್ ಅವರಿಗೂ ಇಂಥದೇ ಆಯಿತು. 2011ರ ಅಕ್ಟೋಬರ್‌ನಲ್ಲಿ ನೂರು ವರ್ಷದ ಅವರು ಟೊರಾಂಟೊದಲ್ಲಿ ಎಂಟು ಗಂಟೆಗೂ ಮಿಕ್ಕಿದ ಕಾಲ ದಾರಿಯಲ್ಲಿದ್ದು ಮ್ಯಾರಥಾನನ್ನು ಪೂರೈಸಿದರು. ಜನನ ಪ್ರಮಾಣಪತ್ರವಿಲ್ಲವೆಂಬ ಕಾರಣಕ್ಕೆ ಗಿನ್ನೆಸ್ ಸಂಸ್ಥೆಯು ಅವರ ಸಾಧನೆಯನ್ನು ದಾಖಲಿಸಿಕೊಳ್ಳಲಿಲ್ಲ. 1911ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಕೂಸಿಗೆ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜೂನ್ 1ನ್ನೇ ಜನ್ಮದಿನವೆಂದು ಒಪ್ಪಿಕೊಂಡಿರುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗುರಿಯನ್ನು ಪೂರ್ತಿಯಾಗಿ ಹೊರಗಿನ ಮನ್ನಣೆಯ ಮೇಲೆ ಕಟ್ಟಿದವನಿಗೆ ಇಂಥ ಹಿನ್ನಡೆಯು ಎಲ್ಲವನ್ನೂ ಕಸಿದುಕೊಂಡಂತೆ ತೋರುತ್ತದೆ. ಗುರಿಯ ಹೆಚ್ಚಿನ ಭಾಗವನ್ನು ತನ್ನ ದಿನನಿತ್ಯದ ಅಭ್ಯಾಸದಲ್ಲಿ ಇಟ್ಟವನಿಂದ ಯಾರೂ ಏನನ್ನೂ ಕಸಿಯಲಾರರು. ಬಲಗೊಂಡ ಹೃದಯವನ್ನು ಯಾವ ಸಂಸ್ಥೆಯೂ ಅಮಾನ್ಯ ಮಾಡಲಾರದು.

ವಯಸ್ಸು ಶರೀರದಲ್ಲಿ ಮಾಡುವುದೇನು?

ಗುರಿಯನ್ನು ಸರಿಯಾಗಿ ಇಡಬೇಕಾದರೆ ಶರೀರದ ಲೆಕ್ಕವನ್ನು ತಿಳಿದಿರಬೇಕು. ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತದ ವೇಗವು ಕುಗ್ಗುತ್ತದೆ. ಶ್ರಮದ ವೇಳೆ ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯು ನಡುಹರೆಯದಿಂದ ಆಚೆಗೆ ಹತ್ತು ವರ್ಷಕ್ಕೆ ಸರಿಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಬಿಡದೆ ಅಭ್ಯಾಸ ಮಾಡುವವರಲ್ಲಿ ಈ ಇಳಿತವು ನಿಧಾನ. ಸ್ನಾಯುಗಳ ರಾಶಿಯು ಕರಗುತ್ತದೆ, ಅರವತ್ತರ ಮೇಲೆ ಇನ್ನಷ್ಟು ಬೇಗ. ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುಗಳು ಬಿರುಸಾಗುತ್ತವೆ. ಬಾಯಾರಿಕೆಯ ಅರಿವು ಮಂದವಾಗುತ್ತದೆ. ಬಿಸಿಲಿನ ತಾಪವನ್ನು ಹೊರಹಾಕುವ ಸಾಮರ್ಥ್ಯವೂ ಕಡಿಮೆಯಾಗುತ್ತದೆ. ಮುಖ್ಯವಾಗಿ, ಶ್ರಮದ ಬಳಿಕ ಚೇತರಿಸಿಕೊಳ್ಳಲು ಹೆಚ್ಚು ದಿನಗಳು ಬೇಕಾಗುತ್ತವೆ. ಮೂವತ್ತರಲ್ಲಿ ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತಿದ್ದ ಆಯಾಸಕ್ಕೆ ಅರವತ್ತೈದರಲ್ಲಿ ಮೂರು ದಿನ ಹಿಡಿದರೆ ಆಶ್ಚರ್ಯವಿಲ್ಲ.

ಈ ಲೆಕ್ಕದಿಂದ ಒಂದು ಸಮಾಧಾನದ ಸತ್ಯವು ಹೊರಡುತ್ತದೆ. ಶರೀರವು ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿರುವಾಗ, ಕಳೆದ ವರ್ಷದ ವೇಗವನ್ನೇ ಈ ವರ್ಷವೂ ಉಳಿಸಿಕೊಂಡವನು ನಿಂತಲ್ಲೇ ನಿಂತವನಲ್ಲ, ಮುಂದೆ ಸಾಗಿದವನು. ಒಂದೆರಡು ನಿಮಿಷ ಹಿಂದೆ ಬಿದ್ದವನೂ ಸೋತವನಲ್ಲ. ಹಿರಿಯರ ಕ್ರೀಡೆಯಲ್ಲಿ ಐದೈದು ವರ್ಷಗಳ ವಯೋವಿಭಾಗಗಳನ್ನು ಮಾಡಿರುವುದು ಈ ಕಾರಣದಿಂದಲೇ. ತನ್ನ ನಲವತ್ತರ ವೇಗದೊಡನೆ, ಇಲ್ಲವೇ ಪಕ್ಕದಲ್ಲಿ ಓಡುವ ತರುಣನೊಡನೆ ಹೋಲಿಸಿಕೊಂಡು ನೊಂದುಕೊಳ್ಳುವುದು ಅನ್ಯಾಯದ ತಕ್ಕಡಿಯಲ್ಲಿ ತನ್ನನ್ನು ತೂಗಿಕೊಂಡಂತೆ.

ಇನ್ನು, ಓಡಿದರೆ ಮೊಣಕಾಲು ಸವೆದುಹೋಗುತ್ತದೆ ಎಂಬ ಭಯವು ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1984ರಿಂದ ಐವತ್ತು ದಾಟಿದ ಓಟಗಾರರನ್ನೂ ಓಡದವರನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿ 2008ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹತ್ತೊಂಬತ್ತು ವರ್ಷಗಳ ಕೊನೆಗೆ ಓಟಗಾರರಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡಿದ್ದರೆ, ಓಡದವರಲ್ಲಿ ನೂರಕ್ಕೆ 34 ಮಂದಿ ತೀರಿಕೊಂಡಿದ್ದರು. ನಡೆಯುವುದು, ಏಳುವುದು, ಬಟ್ಟೆ ಉಡುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಪರಾಧೀನತೆಯು ಓಟಗಾರರಿಗೆ ಎಷ್ಟೋ ವರ್ಷ ತಡವಾಗಿ ಬಂದಿತ್ತು. ಓಟವನ್ನು ಆರಿಸಿಕೊಂಡವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು ಎಂಬ ಮಾತನ್ನೂ ಮರೆಯಬಾರದು. ಆದರೆ ಈ ಅಧ್ಯಯನದಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಸಂಗತಿ ಇನ್ನೊಂದು. ಆರಂಭದಲ್ಲಿ ವಾರಕ್ಕೆ ಸುಮಾರು ನಾಲ್ಕು ಗಂಟೆ ಓಡುತ್ತಿದ್ದ ಅವರು ಇಪ್ಪತ್ತೊಂದು ವರ್ಷಗಳ ಬಳಿಕ ಸರಾಸರಿ 76 ನಿಮಿಷಗಳಷ್ಟೇ ಓಡುತ್ತಿದ್ದರು. ಓಟವು ಮೂರನೆಯ ಒಂದು ಪಾಲಿಗೆ ಇಳಿದರೂ ಅದರ ಫಲವು ಉಳಿದಿತ್ತು. ಕಡಿಮೆ ಮಾಡುವುದು ಬೇರೆ, ಬಿಟ್ಟುಬಿಡುವುದು ಬೇರೆ ಎಂಬ ಪಾಠವು ಇದರಲ್ಲಿದೆ.

ವರ್ಷದ ಗುರಿಯನ್ನು ಇಡುವ ಬಗೆ

ಹಿರಿಯ ಓಟಗಾರನು ವರ್ಷಾರಂಭದಲ್ಲಿ ಒಂದು ಗುರಿಯನ್ನಲ್ಲ, ಮೂರು ಗುರಿಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದು ಅಭ್ಯಾಸದ ಗುರಿ. ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತು ಎಂಬ ನೇಮ. ವಿಶ್ವ ಆರೋಗ್ಯ ಸಂಸ್ಥೆಯು ಹಿರಿಯರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಾದ ಶ್ರಮವನ್ನು ಹೇಳುತ್ತದೆ. ಇದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ, ಮೂರು ದಿನವಾದರೂ ಸಮತೋಲವನ್ನು ಕಾಪಾಡುವ ವ್ಯಾಯಾಮ ಇರಬೇಕೆನ್ನುತ್ತದೆ. ಬರೀ ಓಡುವವರು ಈ ಎರಡನ್ನು ಮರೆಯುವುದೇ ಹೆಚ್ಚು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಯ ಆಸರೆಯಲ್ಲಿ ತುದಿಗಾಲ ಮೇಲೆ ನಿಂತು ಇಳಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು ಇವುಗಳಿಗೆ ಯಾವ ಯಂತ್ರವೂ ಬೇಡ.

ಎರಡನೆಯದು ಆರೋಗ್ಯದ ಗುರಿ. ರಕ್ತದೊತ್ತಡ, ರಕ್ತದ ಸಕ್ಕರೆ, ಸೊಂಟದ ಸುತ್ತಳತೆ, ಆಯಾಸವಿಲ್ಲದೆ ಹತ್ತಬಲ್ಲ ಮೆಟ್ಟಿಲುಗಳು, ನೆಲದ ಮೇಲೆ ಕುಳಿತು ಆಸರೆಯಿಲ್ಲದೆ ಏಳುವ ಶಕ್ತಿ. ವರ್ಷಕ್ಕೆ ಎರಡು ಬಾರಿಯಾದರೂ ಇವನ್ನು ನೋಡಿ ಬರೆದಿಡಬೇಕು.

ಮೂರನೆಯದು ಸ್ಪರ್ಧೆಯ ಗುರಿ. ವರ್ಷಕ್ಕೆ ಒಂದು ಮುಖ್ಯ ಓಟ, ಅದಕ್ಕೆ ಪೂರ್ವಭಾವಿಯಾಗಿ ಒಂದೆರಡು ಚಿಕ್ಕ ಓಟಗಳು ಸಾಕು. ತಿಂಗಳಿಗೊಂದು ಪದಕ ತರುವ ಹಂಬಲವು ಚೇತರಿಕೆಯ ಕಾಲವನ್ನು ತಿಂದುಹಾಕುತ್ತದೆ. ಋತುವನ್ನೂ ನೋಡಬೇಕು. ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಯ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪವು 40 ಡಿಗ್ರಿಯನ್ನು ದಾಟುತ್ತದೆ. ಅಲ್ಲಿನ ಹಿರಿಯರು ಮುಖ್ಯ ಓಟವನ್ನು ಡಿಸೆಂಬರ್, ಜನವರಿಯ ಚಳಿಗಾಲಕ್ಕೆ ಇಟ್ಟುಕೊಂಡು, ಬೇಸಿಗೆಯನ್ನು ನಸುಕಿನ ನಡಿಗೆಗೂ ಮನೆಯೊಳಗಿನ ವ್ಯಾಯಾಮಕ್ಕೂ ಮೀಸಲಿಡುವುದು ವಿವೇಕ.

ಮೂರು ಗುರಿಗಳನ್ನು ಇಡುವುದರ ಪ್ರಯೋಜನವೇನೆಂದರೆ, ಮೂರನೆಯದು ಬಿದ್ದರೂ ಮೊದಲ ಎರಡು ನಿಂತಿರುತ್ತವೆ. ಮೀನಖಂಡದ ನೋವಿನಿಂದ ಜನವರಿಯ ಓಟವು ತಪ್ಪಿದಾಗ "ವರ್ಷವೇ ಹಾಳಾಯಿತು" ಎನ್ನುವವರು ಸ್ಪರ್ಧೆಯೊಂದನ್ನೇ ಗುರಿಯಾಗಿ ಇಟ್ಟುಕೊಂಡವರು. ಬೇರುಗಳು ಮೂರಿದ್ದರೆ ಒಂದು ಕಡಿದರೂ ಗಿಡವು ಒಣಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಟ್ಲಾಕ್ ಅವರು ಮಿಲ್ಟನ್ ಎಂಬ ತಮ್ಮ ಊರಿನ ಸ್ಮಶಾನದ ಹಾದಿಗಳಲ್ಲಿ ದಿನಕ್ಕೆ ಮೂರು ಗಂಟೆಯವರೆಗೂ ನಿಧಾನವಾಗಿ ಓಡುತ್ತಿದ್ದರು. ಅದು ಹಲವು ದಶಕಗಳ ಅಭ್ಯಾಸದಿಂದ ಹದಗೊಂಡ ಶರೀರಕ್ಕೆ ಸಾಧ್ಯವಾದದ್ದು. ಅದನ್ನು ಕಂಡು ನಾಳೆಯೇ ಮೂರು ಗಂಟೆ ಓಡಲು ಹೊರಡುವುದು ಮೂರ್ಖತನ. ಅವರಿಂದ ಕಲಿಯಬೇಕಾದದ್ದು ಮೂರು ಗಂಟೆಯನ್ನಲ್ಲ, ನಿಧಾನವನ್ನು.

ತಡೆ ಬಂದಾಗ ತೀರ್ಮಾನ

ಅರವತ್ತು ದಾಟಿದವರ ವರ್ಷದಲ್ಲಿ ತಡೆ ಬಂದೇ ಬರುತ್ತದೆ. ಹಿಮ್ಮಡಿಯ ನೋವು, ಮೊಣಕಾಲಿನ ಬಾವು, ಮೀನಖಂಡದ ಸೆಳೆತ ಇವು ಸಾಮಾನ್ಯ. ಮಳೆಗಾಲ ಮುಗಿಯುವ ಹೊತ್ತಿಗೆ ಡೆಂಗಿ, ಚಿಕೂನ್‌ಗುನ್ಯ ಬಂದು ಕೀಲುಗಳು ತಿಂಗಳುಗಟ್ಟಲೆ ನೋಯಬಹುದು. ಮನೆಯಲ್ಲಿ ಮದುವೆ ಬರಬಹುದು, ಸಂಗಾತಿಗೆ ಅನಾರೋಗ್ಯವಾಗಬಹುದು, ಹೊಲದಲ್ಲಿ ಸುಗ್ಗಿ ನಿಲ್ಲಬಹುದು. ಇಂಥ ವೇಳೆಯಲ್ಲಿ ಎರಡು ಬಗೆಯ ತಪ್ಪು ತೀರ್ಮಾನಗಳು ನಡೆಯುತ್ತವೆ.

ಒಂದು, ಹಟ. ಹಣ ಕಟ್ಟಿಯಾಗಿದೆ, ಗೆಳೆಯರಿಗೆ ಹೇಳಿಯಾಗಿದೆ ಎಂದು ಕುಂಟುತ್ತಲೇ ಓಡುವುದು. ಇದಕ್ಕೊಂದು ಸರಳ ಅಳತೆಯಿದೆ. ಆರಂಭದಲ್ಲಿ ತುಸು ಬಿಗಿಯಾಗಿದ್ದು, ಮೈ ಬೆಚ್ಚಗಾದಂತೆ ಸಡಿಲವಾಗುವ, ನಡಿಗೆಯ ರೀತಿಯನ್ನು ಬದಲಿಸದ, ಮರುದಿನ ಹೆಚ್ಚದ ನೋವಿನೊಡನೆ ಎಚ್ಚರದಿಂದ ಮುಂದುವರಿಯಬಹುದು. ಕುಂಟುವಂತೆ ಮಾಡುವ ನೋವು, ಓಡಿದಂತೆ ಹೆಚ್ಚುವ ನೋವು, ರಾತ್ರಿ ನಿದ್ರೆ ಕೆಡಿಸುವ ನೋವು, ಊದಿಕೊಂಡ ಕೀಲು, ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ತಾಳಲಾಗದ ನೋವು ಇವುಗಳಲ್ಲಿ ಯಾವುದೊಂದಿದ್ದರೂ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೊನೆಯದು ಎಲುಬಿನ ಸಣ್ಣ ಬಿರುಕಿನ ಸೂಚನೆಯಾಗಿರಬಹುದು. ಅದನ್ನು ಪರೀಕ್ಷಿಸದೆ ಮಾಲೀಸು ಮಾಡಿಸುವುದು, ನಾಟಿ ಕಟ್ಟು ಹಾಕಿಸುವುದು ತರವಲ್ಲ. ನೋವಿನ ಮಾತ್ರೆ ನುಂಗಿ ಓಡುವುದು ಎಲ್ಲಕ್ಕಿಂತ ಅಪಾಯಕರ. ಮೈಯ ನೀರು ಬತ್ತಿರುವಾಗ ಇಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಮೇಲಾಗಿ ನೋವು ಶರೀರವು ಕಳಿಸುವ ವರ್ತಮಾನ. ವರ್ತಮಾನ ತಂದವನ ಬಾಯಿ ಮುಚ್ಚಿಸಿದರೆ ಬೆಂಕಿ ಆರುವುದಿಲ್ಲ.

ಇನ್ನೊಂದು, ಕೈಚೆಲ್ಲುವುದು. "ವಯಸ್ಸಾಯಿತು, ಇನ್ನು ಸಾಕು" ಎಂದು ಒಂದು ನೋವಿಗೇ ಶಾಶ್ವತವಾಗಿ ಕುಳಿತುಬಿಡುವುದು. ಇದು ಹಟದಷ್ಟು ಗದ್ದಲ ಮಾಡುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಹಿರಿಯರಲ್ಲಿ ಕೆಲವು ವಾರಗಳ ನಿಶ್ಚಲತೆಯೂ ಸ್ನಾಯುಗಳನ್ನು ಬೇಗ ಕರಗಿಸುತ್ತದೆ. ಕರಗಿದ್ದು ಮರಳಿ ಬರಲು ಬಹಳ ಕಾಲ ಹಿಡಿಯುತ್ತದೆ. ಕಾಲು ಬಲಗುಂದಿದರೆ ಬೀಳುವ ಅಪಾಯ, ಬಿದ್ದರೆ ಸೊಂಟದ ಎಲುಬು ಮುರಿಯುವ ಅಪಾಯ, ಮುರಿದರೆ ಪರಾಧೀನತೆ. ನಿಜವಾಗಿ ಪಣಕ್ಕೆ ಬಿದ್ದಿರುವುದು ಪದಕವಲ್ಲ, ಎಂಬತ್ತರಲ್ಲಿ ತನ್ನ ಕಾಲ ಮೇಲೆ ತಾನೇ ನಡೆದು ಸ್ನಾನದ ಮನೆಗೆ ಹೋಗಿಬರುವ ಸ್ವಾತಂತ್ರ್ಯ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಓಡಲಾಗದಿದ್ದರೆ ನಡೆಯಬೇಕು, ನಡೆಯಲಾಗದಿದ್ದರೆ ಸೈಕಲ್ ತುಳಿಯಬೇಕು, ಈಜಬೇಕು, ಅದೂ ಆಗದಿದ್ದರೆ ಕುಳಿತಲ್ಲಿಯೇ ಕೈ, ಹೊಟ್ಟೆ, ಬೆನ್ನುಗಳ ವ್ಯಾಯಾಮವನ್ನು ಮಾಡಬೇಕು. ನೇಮದ ಹೊತ್ತನ್ನು ಮಾತ್ರ ಬಿಡಬಾರದು. ಜ್ವರವಿದ್ದಾಗ ಪೂರ್ಣ ವಿಶ್ರಾಂತಿಯೇ ಸರಿ. ಮರಳುವಾಗ ಬಿಟ್ಟಲ್ಲಿಂದ ಹಿಡಿಯದೆ, ಹಿಂದಿನ ಅರ್ಧದಷ್ಟರಿಂದ ಆರಂಭಿಸಿ ವಾರ ವಾರಕ್ಕೆ ಸ್ವಲ್ಪವೇ ಹೆಚ್ಚಿಸಬೇಕು. ಆಹಾರದಲ್ಲಿ ಸಸಾರಜನಕದ ಕೊರತೆಯಾಗಬಾರದು. ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ಸಸ್ಯಾಹಾರಿಗಳು ರೊಟ್ಟಿ, ಅನ್ನಗಳ ಜೊತೆಗೆ ಬೇಳೆ, ಮೊಳಕೆ ಕಾಳು, ಶೇಂಗಾ, ಹಾಲು, ಮೊಸರುಗಳನ್ನು ಹೊತ್ತು ಹೊತ್ತಿಗೂ ಹಂಚಿಕೊಂಡು ಸೇವಿಸಬೇಕು. ಬಿ12 ಜೀವಸತ್ವದ ಮಟ್ಟವನ್ನು ಪರೀಕ್ಷಿಸಿಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರ ಮಾತಿನಂತೆ ನಡೆಯಬೇಕು.

ರಾಜಿಯಿಲ್ಲದ ಕೆಲವು ನಿಯಮಗಳು

ಅರವತ್ತರ ಬಳಿಕ ಹೊಸದಾಗಿ ಓಟವನ್ನು ಆರಂಭಿಸುವವರು, ಅದರಲ್ಲಿಯೂ ಮಧುಮೇಹ, ರಕ್ತದೊತ್ತಡ, ಹೃದ್ರೋಗ ಇರುವವರು, ಧೂಮಪಾನ ಮಾಡುತ್ತಿದ್ದವರು, ಮನೆತನದಲ್ಲಿ ಹೃದಯಾಘಾತ ಕಂಡವರು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳದೆ ಹೆಜ್ಜೆಯಿಡಬಾರದು. ಹಲವು ತಿಂಗಳು ನಡೆದು, ನಡಿಗೆಯ ನಡುವೆ ಒಂದೊಂದು ನಿಮಿಷದ ಓಟವನ್ನು ಸೇರಿಸುತ್ತ ಹೋಗುವುದು ಸರಿಯಾದ ಕ್ರಮ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಂಡಿರಬೇಕು. ಓಡಿ ಬಂದ ಮೇಲೆ ಪಾದಗಳಲ್ಲಿ ಬೊಬ್ಬೆ, ಗಾಯಗಳಿವೆಯೇ ಎಂದು ನೋಡಿಕೊಳ್ಳಬೇಕು.

ಓಡುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ, ಎಂದಿಲ್ಲದ ಏದುಸಿರು, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ಆ ಕ್ಷಣವೇ ನಿಲ್ಲಬೇಕು. ಗುರಿಗೆರೆ ನೂರು ಮೀಟರ್ ದೂರದಲ್ಲಿದ್ದರೂ ನಿಲ್ಲಬೇಕು. ಅಜೀರ್ಣವೆಂದು ಸೋಡಾ ಕುಡಿದು ಕಾಯುವುದು ಪ್ರಾಣಕ್ಕೆ ಎರವಾಗಬಹುದು. 108ಕ್ಕೆ ಕರೆ ಮಾಡಬೇಕು. ನಮ್ಮ ರಾಜ್ಯದಲ್ಲಿ 2023ರಿಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಈ ಚುಚ್ಚುಮದ್ದು ಬೇಗ ಸಿಕ್ಕಷ್ಟೂ ಹೃದಯದ ಹೆಚ್ಚು ಭಾಗ ಉಳಿಯುತ್ತದೆ. ತಮ್ಮ ಊರಿಗೆ ಹತ್ತಿರದ ಇಂಥ ಆಸ್ಪತ್ರೆ ಯಾವುದೆಂಬುದನ್ನು ಮೊದಲೇ ತಿಳಿದಿಟ್ಟುಕೊಳ್ಳುವುದು ಮೇಲು.

ರಸ್ತೆಯೂ ಒಂದು ಅಪಾಯವೇ. ಫೌಜಾ ಸಿಂಗ್ ಅವರು ಕೊನೆಯುಸಿರೆಳೆದದ್ದು ರೋಗದಿಂದಲ್ಲ. 2025ರ ಜುಲೈ ತಿಂಗಳಿನಲ್ಲಿ, 114ನೆಯ ವಯಸ್ಸಿನಲ್ಲಿ, ಹುಟ್ಟೂರಿನ ಬಳಿಯ ರಸ್ತೆಯಲ್ಲಿ ವಾಹನವೊಂದು ಅವರಿಗೆ ಡಿಕ್ಕಿ ಹೊಡೆಯಿತು. ನಸುಕಿನಲ್ಲಿ ಹೊರಡುವವರು ಬಿಳಿಯ ಅಥವಾ ಬೆಳಕಿಗೆ ಹೊಳೆಯುವ ಉಡುಪು ಧರಿಸಿ, ಎದುರಿಗೆ ಬರುವ ವಾಹನಗಳು ಕಾಣುವ ಬದಿಯಲ್ಲಿ ಸಾಗಬೇಕು. ಸಾಧ್ಯವಾದಲ್ಲಿ ರಸ್ತೆಯನ್ನು ಬಿಟ್ಟು ಮೈದಾನವನ್ನು ಆರಿಸಿಕೊಳ್ಳಬೇಕು.

ತಾಯಂದಿರಿಗೂ ಒಂದು ಗಂಟೆ

ಹಿರಿಯ ಓಟಗಾರರೆಂದರೆ ಗಂಡಸರೇ ಕಣ್ಣಿಗೆ ಕಾಣುವುದು ನಮ್ಮ ಮನೆಗಳ ಸ್ಥಿತಿಯನ್ನು ಹೇಳುತ್ತದೆ. ಯಜಮಾನರು ಮೈದಾನಕ್ಕೆ ಹೋದ ಹೊತ್ತಿನಲ್ಲಿ ಅಮ್ಮನವರು ಒಲೆಯ ಮುಂದಿರುತ್ತಾರೆ. ಮಂಡಿನೋವು ಎಂದರೆ "ಕೂತ್ಕೋ" ಎಂಬ ಸಲಹೆ ಸಿಗುತ್ತದೆಯೇ ಹೊರತು ಬಲಪಡಿಸುವ ವ್ಯಾಯಾಮಕ್ಕೆ ಬಿಡುವು ಸಿಗುವುದಿಲ್ಲ. ಮುಟ್ಟು ನಿಂತ ಬಳಿಕ ಎಲುಬಿನ ಸಾಂದ್ರತೆಯು ಬೇಗ ಕುಸಿಯುವುದರಿಂದ ಶರೀರಕ್ಕೆ ಭಾರ ಬೀಳುವ ಚಟುವಟಿಕೆ ಅವರಿಗೇ ಹೆಚ್ಚು ಬೇಕು. ಪಂಜಾಬಿನ ಮಾನ್ ಕೌರ್ ಅವರು ಓಟವನ್ನು ಆರಂಭಿಸಿದ್ದು 93ನೆಯ ವಯಸ್ಸಿನಲ್ಲಿ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ಹಿರಿಯರ ವಿಶ್ವ ಕ್ರೀಡಾಕೂಟದಲ್ಲಿ 101ನೆಯ ವಯಸ್ಸಿನಲ್ಲಿ ನೂರು ಮೀಟರನ್ನು 74 ಸೆಕೆಂಡುಗಳಲ್ಲಿ ಓಡಿದರು. ಅವರನ್ನು ಮೈದಾನಕ್ಕೆ ಕರೆದೊಯ್ದವನು ಅವರ ಮಗ. ನಮ್ಮ ಮನೆಗಳ ಮಕ್ಕಳು ತಾಯಿಗೆ ಬೆಳಗಿನ ಒಂದು ಗಂಟೆಯನ್ನು ಬಿಡಿಸಿಕೊಟ್ಟರೆ ಅದು ಅವರು ಕೊಡಬಹುದಾದ ದೊಡ್ಡ ಔಷಧ.

ಇಷ್ಟೆಲ್ಲ ಹೇಳಿದ ಮೇಲೂ "ಮುಪ್ಪಿನಲ್ಲಿ ಪದಕದ ಹಂಬಲವೇಕೆ?" ಎಂಬ ಪ್ರಶ್ನೆ ಉಳಿಯಬಹುದು. ಹಂಬಲವು ಯಜಮಾನನಾದರೆ ಅದು ಕೆಡುಕು; ಬೆಳಗಿನ ಐದು ಗಂಟೆಗೆ ಎಬ್ಬಿಸುವ ಆಳಾದರೆ ಒಳಿತು. ಮುಂದೊಂದು ದಿನಾಂಕ ಗೊತ್ತಾಗಿದ್ದರೆ ಇಂದಿನ ಆಲಸ್ಯವು ಸೋಲುತ್ತದೆ. ಗುರಿಯ ಉಪಯೋಗ ಇಷ್ಟೇ. ಅದು ಈಡೇರಿದ ದಿನ ಹಿಗ್ಗದೆ, ತಪ್ಪಿದ ದಿನ ಕುಗ್ಗದೆ, ಮರುದಿನ ಮತ್ತೆ ಹೊರಡುವ ಮನಸ್ಸನ್ನು ಬೆಳೆಸಿಕೊಂಡವನಿಗೆ ಸ್ಪರ್ಧೆಯು ಹಾನಿ ಮಾಡುವುದಿಲ್ಲ.

ವಿಟ್ಲಾಕ್ ಅವರು 2016ರ ಅಕ್ಟೋಬರ್‌ನಲ್ಲಿ, 85ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಟೊರಾಂಟೊದಲ್ಲಿ ಓಡಿದರು. ಹಿಡಿದ ಕಾಲ 3 ಗಂಟೆ 56 ನಿಮಿಷ 34 ಸೆಕೆಂಡು. ಹನ್ನೆರಡು ವರ್ಷಗಳ ಹಿಂದಿನ ತಮ್ಮದೇ ಓಟಕ್ಕಿಂತ ಒಂದು ಗಂಟೆಗೂ ಹೆಚ್ಚು ನಿಧಾನ. ಆದರೂ ಎಂಬತ್ತೈದು ದಾಟಿದವರಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಐದು ತಿಂಗಳ ಬಳಿಕ, 2017ರ ಮಾರ್ಚ್‌ನಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಶರೀರಕ್ಕೆ ಕೊನೆಯುಂಟು, ಅದನ್ನು ಓಟವು ತಪ್ಪಿಸಲಾರದು, ತಪ್ಪಿಸುತ್ತದೆಂದು ಯಾರೂ ಹೇಳಬಾರದು. ಆದರೆ ಆ ಕೊನೆಯವರೆಗೆ ಹೇಗೆ ಬಾಳಬೇಕೆಂಬುದರಲ್ಲಿ ನಮ್ಮ ಪಾಲು ಸಣ್ಣದಲ್ಲ. ಈ ವರ್ಷ ಓಟ ತಪ್ಪಿದ ಹಿರಿಯರು ನಡಿಗೆಯನ್ನು ಬಿಡದಿರಲಿ. ಓಟ ಗೆದ್ದವರು ಒಂದು ವಾರ ವಿಶ್ರಮಿಸಲಿ. ಇನ್ನೂ ಆರಂಭಿಸದವರು ವೈದ್ಯರನ್ನೊಮ್ಮೆ ಕಂಡು, ನಾಳೆ ಬೆಳಿಗ್ಗೆ ಹತ್ತು ನಿಮಿಷ ನಡೆಯಲಿ.